ಮೂಲಸಂಕೇತ ಬೇಕಿರುವುದು ವೇಗಕ್ಕಲ್ಲ

ಹಲಸೂರಿನಲ್ಲಿ ನಮ್ಮ ಎದುರು ಮನೆಯ ಹುಡುಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದಾನೆ. ಈಚೆಗೆ ಸತತ ಎರಡು ರಾತ್ರಿ ಅವನ ಕೋಣೆಯ ದೀಪ ಆರಿರಲಿಲ್ಲ. ಬೆಳಿಗ್ಗೆ ಹಾಲಿನ ಬೂತಿನ ಬಳಿ ಸಿಕ್ಕಾಗ, 'ಏನಪ್ಪಾ, ಪರೀಕ್ಷೆ ಹತ್ತಿರ ಬಂತೇ?' ಎಂದು ಕೇಳಿದೆ. 'ಇಲ್ಲ ಅಂಕಲ್, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ತಿದ್ದೀನಿ. ರೆಡಿಮೇಡ್ ಪ್ಯಾಕೇಜ್ ಬೇಡ ಅಂತ ಎಲ್ಲವನ್ನೂ ಸೋರ್ಸ್‌ನಿಂದಲೇ ಕಂಪೈಲ್ ಮಾಡ್ತಿದ್ದೀನಿ. ತುಂಬಾ ಫಾಸ್ಟ್ ಆಗುತ್ತೆ' ಎಂದ. ಎಷ್ಟು ಫಾಸ್ಟ್ ಎಂದು ಕೇಳಿದೆ. ಅಳೆದು ನೋಡಿಲ್ಲ ಎಂದ.

ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಈ ಉತ್ತರ ಹೊಸದಲ್ಲ. ಯೋಜನೆಗಳ ಲಾಭವನ್ನು ಅಳೆಯದೆಯೇ ನಂಬುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ದೌರ್ಬಲ್ಯ ಮಾತ್ರವಲ್ಲ. ಆದರೆ ಆ ಹುಡುಗನ ಮಾತು ನನ್ನನ್ನು ಬೇರೊಂದು ಕಾರಣಕ್ಕೆ ಕಾಡಿತು. ಅವನು ಸರಿಯಾದ ಕೆಲಸವನ್ನು ತಪ್ಪು ಕಾರಣಕ್ಕಾಗಿ ಮಾಡುತ್ತಿದ್ದ. ನಾವು, ಅಂದರೆ ಸರ್ಕಾರದಲ್ಲಿದ್ದವರು, ಸರಿಯಾದ ಕಾರಣವಿದ್ದಾಗಲೂ ಅದೇ ಕೆಲಸವನ್ನು ಮಾಡಿರಲಿಲ್ಲ.

ವಿಷಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ತಂತ್ರಾಂಶವನ್ನು ರಚಿಸುವವರು ಮನುಷ್ಯರು ಓದಬಲ್ಲ ಒಂದು ಭಾಷೆಯಲ್ಲಿ ಬರೆಯುತ್ತಾರೆ. ಅದೇ ಮೂಲಸಂಕೇತ, ರೂಢಿಯ ಮಾತಿನಲ್ಲಿ ಸೋರ್ಸ್ ಕೋಡ್. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ಸಾಲಾಗಿ ಮಾರ್ಪಡಿಸುತ್ತದೆ. ಅದು ಬೈನರಿ. ನಮ್ಮಲ್ಲಿ ಬಹುತೇಕರು ಬಳಸುವುದು ಬೇರೆಲ್ಲೋ ಯಾರೋ ಕಂಪೈಲ್ ಮಾಡಿ ಕಟ್ಟಿಕೊಟ್ಟ ಬೈನರಿ ಪೊಟ್ಟಣವನ್ನು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಿದ್ಧ ಉಡುಪನ್ನೂ ಕೊಳ್ಳಬಹುದು, ಬಟ್ಟೆ ಕೊಂಡು ಅಳತೆ ಕೊಟ್ಟು ಹೊಲಿಸಿಕೊಳ್ಳಲೂಬಹುದು. ಸಿದ್ಧ ಉಡುಪು ಎಲ್ಲರಿಗೂ ಒಂದಿಷ್ಟು ಸರಿಹೊಂದುವಂತಿರುತ್ತದೆ, ಹೊಲಿಸಿದ್ದು ಒಬ್ಬನಿಗೆ ಪೂರ್ತಿ ಹೊಂದುತ್ತದೆ. ಸೋರ್ಸ್‌ನಿಂದ ಕಟ್ಟಿದ ತಂತ್ರಾಂಶ ಹೆಚ್ಚು ವೇಗವಾಗಿ ಓಡುತ್ತದೆ ಎಂಬ ವಾದದ ತಿರುಳು ಇಷ್ಟೇ.

ಈ ವಾದ ಪೂರ್ತಿ ಸುಳ್ಳಲ್ಲ. ಎಲ್ಲರ ಯಂತ್ರದಲ್ಲೂ ನಡೆಯಬೇಕಾದ ಪೊಟ್ಟಣವನ್ನು ಅತಿ ಹಳೆಯ ಪ್ರೊಸೆಸರನ್ನು ಲಕ್ಷ್ಯದಲ್ಲಿಟ್ಟುಕೊಂಡು ತಯಾರಿಸಬೇಕಾಗುತ್ತದೆ. 64 ಬಿಟ್‌ನ ಸಾಮಾನ್ಯ ಪ್ರೊಸೆಸರುಗಳು ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಏಕಕಾಲಕ್ಕೆ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡಬಲ್ಲ ಹೊಸ ಸೂಚನೆಗಳು 2013ರ ಹೊತ್ತಿಗೆ ಸೇರ್ಪಡೆಯಾದವು. 2003ರ ಯಂತ್ರಕ್ಕೂ ಹೊಂದುವಂತೆ ಕಟ್ಟಿದ ಬೈನರಿ ಈ ಹೊಸ ಸಾಮರ್ಥ್ಯವನ್ನು ತಾನಾಗಿ ಬಳಸಲಾರದು. ನಮ್ಮ ನಗರದಲ್ಲಿ 2001ರಿಂದ 'ಲಿನಕ್ಸ್ ಬೆಂಗಳೂರು' ಎಂಬ ಹೆಸರಿನಲ್ಲಿ, 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ಸಮ್ಮೇಳನಗಳು ನಡೆಯುತ್ತಿದ್ದ ದಿನಗಳಲ್ಲಿ ಯುವಕರಲ್ಲಿ ಇದು ಬಿಸಿಬಿಸಿ ಚರ್ಚೆಯ ವಸ್ತುವಾಗಿತ್ತು. ಎಲ್ಲವನ್ನೂ ಬಳಕೆದಾರನೇ ಕಂಪೈಲ್ ಮಾಡಿಕೊಳ್ಳಬೇಕೆಂಬ ತತ್ವದ ಮೇಲೆ ನಿಂತ ಲಿನಕ್ಸ್ ಆವೃತ್ತಿಗೆ 'ಜೆಂಟೂ' ಎಂದು ಹೆಸರು. ಪೆಂಗ್ವಿನ್‌ಗಳಲ್ಲೇ ಅತಿ ವೇಗವಾಗಿ ಈಜುವ ಜಾತಿಯ ಹೆಸರು ಅದು.

ಹಾಗಾದರೆ ನಿಜವಾದ ವ್ಯತ್ಯಾಸವೆಷ್ಟು? 2025ರ ಅಕ್ಟೋಬರ್‌ನಲ್ಲಿ ಉಬುಂಟು ಸಂಸ್ಥೆ ಹೊಸ ಪ್ರೊಸೆಸರುಗಳಿಗೆಂದೇ ಬೇರೆಯಾಗಿ ಕಟ್ಟಿದ ಪ್ಯಾಕೇಜುಗಳನ್ನು ಬಿಡುಗಡೆ ಮಾಡಿತು. ತನ್ನ ಇಡೀ ಭಂಡಾರವನ್ನು ಹಾಗೆ ಮರುಕಟ್ಟಿ ಅಳೆದಾಗ, ಹೆಚ್ಚಿನ ಪ್ಯಾಕೇಜುಗಳಲ್ಲಿ ಕಂಡ ಸುಧಾರಣೆ ಶೇ 1ರ ಆಸುಪಾಸು ಎಂದು ಆ ಸಂಸ್ಥೆಯೇ ಹೇಳಿತು. ಸಂಖ್ಯೆಗಳ ಲೆಕ್ಕಾಚಾರವೇ ಪ್ರಧಾನವಾಗಿರುವ ಕೆಲವು ತಂತ್ರಾಂಶಗಳಲ್ಲಿ ಮಾತ್ರ ಅದಕ್ಕಿಂತ ಹೆಚ್ಚು.

ಶೇ 1 ಎಂದರೇನೆಂದು ಲೆಕ್ಕ ಹಾಕೋಣ. ನಮ್ಮ ಹುಡುಗನ ಲ್ಯಾಪ್‌ಟಾಪು ದಿನಕ್ಕೆ ಒಂದು ಗಂಟೆ ಪ್ರೊಸೆಸರಿನ ಪೂರ್ಣ ಬಲ ಬೇಡುವ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಉಳಿತಾಯ ದಿನಕ್ಕೆ 36 ಸೆಕೆಂಡು. ಎಲ್ಲವನ್ನೂ ಕಂಪೈಲ್ ಮಾಡಲು 12 ಗಂಟೆ ಹಿಡಿಯಿತೆಂದರೆ, ಆ ಹೂಡಿಕೆ ಮರಳಿ ಬರಲು 1,200 ದಿನ ಬೇಕು, ಅಂದರೆ ಮೂರು ವರ್ಷಕ್ಕಿಂತ ಹೆಚ್ಚು. ಅಷ್ಟರೊಳಗೆ ಪ್ರತಿಯೊಂದು ತಂತ್ರಾಂಶದ ಹೊಸ ಆವೃತ್ತಿಗಳು ಎಷ್ಟೋ ಬಾರಿ ಬಂದಿರುತ್ತವೆ, ಪ್ರತಿ ಬಾರಿಯೂ ಮತ್ತೆ ಕಂಪೈಲ್ ಮಾಡಬೇಕು. ಅಸಲು ತೀರುವ ಮೊದಲೇ ಹೊಸ ಸಾಲ. ಯಾವ ಹಣಕಾಸು ಇಲಾಖೆಯೂ ಇಂಥ ಪ್ರಸ್ತಾವಕ್ಕೆ ಸಮ್ಮತಿ ಕೊಡಲಾರದು.

ಲಾಭ ಇಷ್ಟು ಕಡಿಮೆಯಾಗಲು ಕಾರಣಗಳಿವೆ. ಗಣಕವಿಜ್ಞಾನಿ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಿಚಾರವೊಂದು ಅರ್ಥಶಾಸ್ತ್ರದ ವಿದ್ಯಾರ್ಥಿಗೂ ತಟ್ಟನೆ ಹೊಳೆಯುವಂಥದು: ಕೆಲಸದ ಒಂದು ಭಾಗವನ್ನಷ್ಟೇ ಚುರುಕುಗೊಳಿಸಿದರೆ, ಒಟ್ಟು ಲಾಭ ಆ ಭಾಗದ ಪಾಲನ್ನು ಮೀರಲಾರದು. ನೂರು ಸೆಕೆಂಡಿನ ಕೆಲಸದಲ್ಲಿ ನಿಜವಾದ ಲೆಕ್ಕಾಚಾರ ಹತ್ತು ಸೆಕೆಂಡು, ಉಳಿದದ್ದು ಡಿಸ್ಕಿಗಾಗಿ, ಅಂತರಜಾಲಕ್ಕಾಗಿ, ಕೀಲಿಮಣೆಯ ಮುಂದೆ ಕುಳಿತವನಿಗಾಗಿ ಕಾಯುವುದು ಎಂದಾದರೆ, ಲೆಕ್ಕಾಚಾರದ ವೇಗವನ್ನು ದುಪ್ಪಟ್ಟು ಮಾಡಿದರೂ ಉಳಿಯುವುದು ಐದೇ ಸೆಕೆಂಡು. ಇನ್ನೊಂದು ಕಾರಣವೆಂದರೆ, ವೇಗ ನಿಜಕ್ಕೂ ಮುಖ್ಯವಾದ ತಂತ್ರಾಂಶಗಳು ಈಗ ಒಂದೇ ಪೊಟ್ಟಣದಲ್ಲಿ ಹಲವು ಅಳತೆಯ ಬೈನರಿಗಳನ್ನು ಇಟ್ಟುಕೊಂಡು, ಓಡುವ ಗಳಿಗೆಯಲ್ಲಿ ಪ್ರೊಸೆಸರನ್ನು ಗುರುತಿಸಿ ತಕ್ಕುದನ್ನು ಆರಿಸಿಕೊಳ್ಳುತ್ತವೆ. ಹೊಲಿಗೆಯ ಲಾಭದ ದೊಡ್ಡ ಪಾಲು ಸಿದ್ಧ ಉಡುಪಿನಲ್ಲೇ ಸಿಗುತ್ತಿದೆ.

ಸ್ವತಃ ಜೆಂಟೂದವರೇ 2023ರ ಡಿಸೆಂಬರ್ ಕೊನೆಯಲ್ಲಿ, ಬಯಸುವವರಿಗೆ ಸಿದ್ಧ ಬೈನರಿ ಪ್ಯಾಕೇಜುಗಳನ್ನೂ ದೊಡ್ಡ ಪ್ರಮಾಣದಲ್ಲಿ ಒದಗಿಸುವುದಾಗಿ ಪ್ರಕಟಿಸಿದರು. ಶ್ರಮವಿಭಜನೆಯ ಲಾಭವನ್ನು ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಉದಾಹರಣೆಯಿಂದ ವಿವರಿಸಿದ. ಒಂದು ಕಡೆ ಒಮ್ಮೆ ಕಟ್ಟಿ, ಪರೀಕ್ಷಿಸಿ, ಲಕ್ಷಾಂತರ ಜನರಿಗೆ ಹಂಚುವುದು ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ವಿದ್ಯುತ್ ಉರಿಸಿ ಅದನ್ನೇ ಕಟ್ಟುವುದಕ್ಕಿಂತ ಮಿತವ್ಯಯದ ದಾರಿ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ತೀರ್ಮಾನ ಎಲ್ಲ ಕಡೆಗೂ ಅನ್ವಯಿಸದು. ಇಂದಿರಾನಗರದಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಬೈಯಪ್ಪನಹಳ್ಳಿಯಲ್ಲಿ ಸಿ-ಡ್ಯಾಕ್ ಸಂಸ್ಥೆಯ ನಾಲೆಜ್ ಪಾರ್ಕ್ ಇದೆ. 'ಪರಂ ಪದ್ಮ' ಎಂಬ ಸೂಪರ್‌ಕಂಪ್ಯೂಟರು 2003ರಲ್ಲಿ ಕಾರ್ಯಾರಂಭ ಮಾಡಿದ್ದು ಇಲ್ಲಿಯೇ. ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಲೆಕ್ಕಗಳ ಸಾಮರ್ಥ್ಯದ ಆ ಯಂತ್ರ ಆ ವರ್ಷ ಜಗತ್ತಿನ ಐನೂರು ಅಗ್ರ ಗಣಕಗಳ ಪಟ್ಟಿಯಲ್ಲಿ ಸ್ಥಾನ ಪಡೆದಿತ್ತು. ಅದರ ಪ್ರೊಸೆಸರುಗಳು ಐಬಿಎಂನ ಪವರ್-4. ಮನೆಯ ಗಣಕಕ್ಕೆ ಕಟ್ಟಿದ ಬೈನರಿ ಅಲ್ಲಿ ನಿಧಾನವಾಗಿ ಓಡುವುದಿರಲಿ, ಓಡುವುದೇ ಇಲ್ಲ. ಹವಾಮಾನ ಮುನ್ಸೂಚನೆಯ ತಂತ್ರಾಂಶವಾಗಲಿ ಅಣುಗಳ ವರ್ತನೆಯನ್ನು ಲೆಕ್ಕ ಹಾಕುವ ತಂತ್ರಾಂಶವಾಗಲಿ, ಮೂಲಸಂಕೇತದಿಂದ ಆ ಯಂತ್ರಕ್ಕೆಂದೇ ಕಟ್ಟಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಂ ಪ್ರವೇಗ'ದಂಥ ಯಂತ್ರಗಳಲ್ಲೂ ಭಾರಿ ಲೆಕ್ಕಾಚಾರದ ತಂತ್ರಾಂಶಗಳನ್ನು ಯಂತ್ರಕ್ಕೆ ತಕ್ಕಂತೆ ಕಟ್ಟುವುದೇ ರೂಢಿ. ಕೋಟ್ಯಂತರ ರೂಪಾಯಿಯ ಯಂತ್ರದಲ್ಲಿ ಶೇ 10ರಷ್ಟು ವೇಗ ಹೆಚ್ಚಿದರೆ, ಆ ಬೆಲೆಯ ಹತ್ತನೆಯ ಒಂದು ಪಾಲಿನ ಹೊಸ ಯಂತ್ರವನ್ನು ಬಿಟ್ಟಿಯಾಗಿ ಪಡೆದಂತೆ. ನಾಳೆಯ ಮಳೆಯ ಮುನ್ಸೂಚನೆ ನಾಡಿದ್ದು ಕೈಸೇರಿದರೆ ಪ್ರಯೋಜನವಿಲ್ಲ. ಪ್ರಮಾಣ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಅದೇ ರಸ್ತೆಯಲ್ಲಿ ಇನ್ನೂ ಮುಂದೆ, ಕೆ.ಆರ್. ಪುರಕ್ಕೆ ಸಮೀಪದ ದೂರವಾಣಿನಗರದಲ್ಲಿ, ಇನ್ನೊಂದು ಹಳೆಯ ಪಾಠವಿದೆ. 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ವಿದೇಶಿ ಪರವಾನಗಿಯ ಮೇಲೆ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿತ್ತು. 1960ರ ದಶಕದಲ್ಲಿ ಬೆಲ್ಜಿಯಂನಿಂದ ಕ್ರಾಸ್‌ಬಾರ್ ಎಕ್ಸ್‌ಚೇಂಜಿನ ತಂತ್ರಜ್ಞಾನ ಬಂತು. ಅಲ್ಲಿ ಮನೆಮನೆಗೂ ಫೋನು, ಒಂದೊಂದು ಲೈನಿನ ಮೇಲೂ ಕಡಿಮೆ ಕರೆ. ನಮ್ಮಲ್ಲಿ ಬೀದಿಗೊಂದು ಫೋನು, ಅದರ ಮೇಲೆ ಇಡೀ ಬೀದಿಯ ಕರೆ. ಬೇರೆ ಪರಿಸರಕ್ಕೆ ಅಳೆದು ಮಾಡಿದ ಆ ವ್ಯವಸ್ಥೆ ಇಲ್ಲಿನ ಒತ್ತಡಕ್ಕೆ ತತ್ತರಿಸಿತು. ಕೊನೆಗೆ ನಮ್ಮ ಎಂಜಿನಿಯರುಗಳು ವಿನ್ಯಾಸದ ಮೂಲಕ್ಕೇ ಕೈಹಾಕಿ ತಿದ್ದಬೇಕಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಬೇರೆ ದಾರಿ ಹಿಡಿಯಿತು. ನಮ್ಮ ಧೂಳು, ಸೆಕೆಗಳನ್ನು ಹವಾನಿಯಂತ್ರಣವಿಲ್ಲದೆ ತಾಳಿಕೊಳ್ಳುವ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ಅದು ತಾನೇ ವಿನ್ಯಾಸಗೊಳಿಸಿತು. ಅದು ಮೊದಲು ನೆಲೆಗೊಂಡದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ವಿನ್ಯಾಸವನ್ನು ಗುಟ್ಟಾಗಿಡದೆ ಹಲವು ತಯಾರಕರಿಗೆ ಕೊಟ್ಟದ್ದರಿಂದ ಹಳ್ಳಿಹಳ್ಳಿಗೆ ಎಕ್ಸ್‌ಚೇಂಜ್ ತಲುಪಿತು. ಸಿದ್ಧ ಸರಕನ್ನು ತರುವುದಕ್ಕೂ ಅದರ ಮೂಲವನ್ನು ಕೈಯಲ್ಲಿ ಹೊಂದಿರುವುದಕ್ಕೂ ಇರುವ ಅಂತರವನ್ನು ಬೆಂಗಳೂರು ಪೂರ್ವದ ಜನ ತಂತ್ರಾಂಶ ಬರುವ ಮೊದಲೇ ಕಂಡಿದ್ದರು.

ಇಲ್ಲಿಂದ ನಾವು ವೇಗದ ಪ್ರಶ್ನೆಯನ್ನು ಬಿಟ್ಟು ವಿಶ್ವಾಸದ ಪ್ರಶ್ನೆಗೆ ಬರಬೇಕು. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಆ ಎಳೆ ಹಿಡಿದು ಹೋದಾಗ, ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಎಂಬ ಸಾಧಾರಣ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಬಯಲಾಯಿತು. ಬಹಳ ಜನರ ಕಣ್ಣಿಗೆ ಬೀಳುವ ಸಾರ್ವಜನಿಕ ಮೂಲಸಂಕೇತದ ಭಂಡಾರದಲ್ಲಿ ಆ ಬಾಗಿಲನ್ನು ತೆರೆಯುವ ಕಡತವಿರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಅದೂ ಕೆಲವು ಬಗೆಯ ಲಿನಕ್ಸ್ ಪ್ಯಾಕೇಜುಗಳನ್ನು ತಯಾರಿಸುವಾಗಷ್ಟೇ ಜೀವ ತಳೆಯುವಂತೆ ಹೆಣೆಯಲಾಗಿತ್ತು. ತೋರಿಸಿದ ಸೋರ್ಸ್ ಒಂದು, ಕಟ್ಟಿದ ಸೋರ್ಸ್ ಇನ್ನೊಂದು. ಅರ್ಧ ಸೆಕೆಂಡನ್ನು ಅಳೆಯುವ ವ್ಯವಧಾನ ಒಬ್ಬನಿಗೆ ಇದ್ದದ್ದರಿಂದ ಜಗತ್ತು ಪಾರಾಯಿತು.

ಯೂನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇನ್ನೂ ಮುಂದೆ ಹೋಗಿದ್ದರು. ಕಂಪೈಲರಿನಲ್ಲೇ ಮೋಸವಿದ್ದರೆ ಮೂಲಸಂಕೇತವನ್ನು ಓದಿದರೂ ಪ್ರಯೋಜನವಿಲ್ಲ ಎಂದು ಅವರು ತೋರಿಸಿಕೊಟ್ಟರು. ಆದ್ದರಿಂದ 'ನಾನೇ ಕಂಪೈಲ್ ಮಾಡಿದ್ದೇನೆ, ನಾನು ಸುರಕ್ಷಿತ' ಎಂಬ ನೆಮ್ಮದಿಯೂ ಅರೆಸತ್ಯವೇ. ಇದಕ್ಕೆ ತಜ್ಞರು ಕಂಡುಕೊಂಡ ಉತ್ತರ ಮರುಕಳಿಸಬಲ್ಲ ನಿರ್ಮಾಣ. ಒಂದೇ ಮೂಲಸಂಕೇತವನ್ನು ಬೇರೆ ಬೇರೆ ಜನ ಬೇರೆ ಬೇರೆ ಕಡೆ ಕಟ್ಟಿದಾಗ ಒಂದಕ್ಷರವೂ ವ್ಯತ್ಯಾಸವಿಲ್ಲದ ಬೈನರಿ ಸಿಗಬೇಕು. ಡೆಬಿಯನ್ ಯೋಜನೆಯವರು 2013ರಿಂದ ಈ ದಿಸೆಯಲ್ಲಿ ಶ್ರಮಿಸುತ್ತಿದ್ದಾರೆ. ಹೀಗಾದಾಗ ಎಲ್ಲರೂ ಕಂಪೈಲ್ ಮಾಡಬೇಕಿಲ್ಲ, ಕೆಲವರು ಮಾಡಿ ತಾಳೆ ನೋಡಿದರೆ ಸಾಕು. ಲೆಕ್ಕಪತ್ರ ಪರಿಶೋಧನೆಯ ತತ್ವವೂ ಇದೇ ಅಲ್ಲವೇ? ಪ್ರತಿಯೊಬ್ಬ ತೆರಿಗೆದಾರನೂ ಖಜಾನೆಯ ಪುಸ್ತಕ ತೆರೆದು ನೋಡುವುದಿಲ್ಲ. ಆದರೆ ನೋಡಬಲ್ಲವನೊಬ್ಬ ಇದ್ದೇ ಇರುತ್ತಾನೆ ಎಂಬ ಅರಿವು ಖಜಾಂಚಿಗೆ ಇರಬೇಕು.

ಇನ್ನು ನನ್ನದೇ ಕಥೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾನಿದ್ದ ಇಲಾಖೆಯೊಂದರಲ್ಲಿ ಫಲಾನುಭವಿಗಳ ಪಟ್ಟಿಯನ್ನು ನಿರ್ವಹಿಸಲು ಖಾಸಗಿಯವರಿಂದ ತಂತ್ರಾಂಶ ಮಾಡಿಸಿದ್ದೆವು. ಕರಾರಿನ ಪ್ರಕಾರ ಮೂಲಸಂಕೇತವನ್ನೂ ಒಪ್ಪಿಸಬೇಕಿತ್ತು. ಅವರು ಒಂದು ಸಿ.ಡಿ.ಯನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಕೊಟ್ಟರು. 'ಸ್ವೀಕರಿಸಲಾಗಿದೆ' ಎಂಬ ಷರಾದ ಕೆಳಗೆ ಸಹಿ ಹಾಕಿದವನು ನಾನು. ಲಕೋಟೆ ಬೀರುವಿನೊಳಗೆ ಹೋಯಿತು. ಮೂರು ವರ್ಷದ ಬಳಿಕ ಹೊಸ ಗಣಕಗಳು ಬಂದವು, ಹಳೆಯ ಬೈನರಿ ಅವುಗಳಲ್ಲಿ ನಡೆಯಲಿಲ್ಲ. ತಯಾರಿಸಿದವರು ಅಷ್ಟರಲ್ಲಿ ವ್ಯವಹಾರ ಮುಚ್ಚಿದ್ದರು. ಲಕೋಟೆ ಒಡೆದು ನೋಡಿದರೆ ಇದ್ದದ್ದು ಮೊದಲ ಆವೃತ್ತಿಯ ಮೂಲಸಂಕೇತ. ನಂತರದ ತಿದ್ದುಪಡಿಗಳಾವುವೂ ಅದರಲ್ಲಿರಲಿಲ್ಲ. ಅದನ್ನಾದರೂ ಕಂಪೈಲ್ ಮಾಡೋಣವೆಂದರೆ, ಅದು ಅವಲಂಬಿಸಿದ್ದ ಇತರ ಕಡತಗಳೂ ಇಲ್ಲ, ಯಾವ ಕಂಪೈಲರಿನ ಯಾವ ಆವೃತ್ತಿ ಎಂಬ ಟಿಪ್ಪಣಿಯೂ ಇಲ್ಲ. ಎಸ್.ಪಿ. ರಸ್ತೆಯಿಂದ ಹಳೆಯ ಬಿಡಿಭಾಗಗಳನ್ನು ಕೊಂಡು ತಂದು, ಎರಡು ಹಳೆಯ ಗಣಕಗಳನ್ನು ಎಂಟು ತಿಂಗಳು ಉಸಿರು ಹಿಡಿದುಕೊಂಡು ನಡೆಸಿದೆವು. ಆ ಅವಧಿಯಲ್ಲಿ ಪಿಂಚಣಿಗಾಗಿ ಬಂದು, 'ಕಂಪ್ಯೂಟರು ಕೆಟ್ಟಿದೆ ಅಜ್ಜಿ, ಸೋಮವಾರ ಬನ್ನಿ' ಎಂಬ ಮಾತು ಕೇಳಿ ಹಿಂದಿರುಗಿದವರ ಮುಖ ನನಗೆ ಇಂದಿಗೂ ನೆನಪಿದೆ. ತಪ್ಪು ಒದಗಿಸಿದವರದಷ್ಟೇ ಆಗಿರಲಿಲ್ಲ. ಲಕೋಟೆ ಒಡೆದು, 'ಇದನ್ನು ನಮ್ಮೆದುರು ಒಮ್ಮೆ ಕಟ್ಟಿ ತೋರಿಸಿ' ಎಂದು ಕೇಳದೆ ಸಹಿ ಹಾಕಿದವನದೂ ಹೌದು.

ಇಂದು ಪಹಣಿ, ನೋಂದಣಿ, ಖಾತಾ, ಪಡಿತರ, ಪಿಂಚಣಿ ಎಲ್ಲವೂ ತಂತ್ರಾಂಶದ ಮೇಲೆ ನಿಂತಿವೆ. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಗಳ ಅಳವಡಿಕೆಗೆ ಒಂದು ನೀತಿಯನ್ನೂ, ಸರ್ಕಾರಿ ತಂತ್ರಾಂಶಗಳ ಮೂಲಸಂಕೇತವನ್ನು ತೆರೆದಿಡಲು ಇನ್ನೊಂದು ನೀತಿಯನ್ನೂ ಪ್ರಕಟಿಸಿತು. ಕಾಗದದ ಮೇಲೆ ದಿಕ್ಕು ಸರಿಯಾಗಿದೆ. ಆದರೆ ಮೂಲಸಂಕೇತ 'ಇದೆ' ಎನ್ನುವುದಕ್ಕೂ ಅದರಿಂದ ಈಗ ಓಡುತ್ತಿರುವ ತಂತ್ರಾಂಶವನ್ನು ಮತ್ತೆ ಕಟ್ಟಲು 'ಬರುತ್ತದೆ' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ.

ಆದ್ದರಿಂದ ನನ್ನ ಸಲಹೆಗಳು ಮೂರು. ಒಂದು, ಸಾರ್ವಜನಿಕ ಹಣದಿಂದ ಮಾಡಿಸಿದ ಯಾವುದೇ ತಂತ್ರಾಂಶದ ಅಂತಿಮ ಬಿಲ್ಲನ್ನು ಪಾವತಿಸುವ ಮೊದಲು, ಇಲಾಖೆಯ ಇಲ್ಲವೇ ಮೂರನೆಯ ಸಂಸ್ಥೆಯೊಂದರ ತಂತ್ರಜ್ಞರು ಹೊಸ ಯಂತ್ರವೊಂದರಲ್ಲಿ ಒಪ್ಪಿಸಿದ ಮೂಲಸಂಕೇತದಿಂದಲೇ ಅದನ್ನು ಕಟ್ಟಿ, ಬಳಕೆಯಲ್ಲಿರುವ ಬೈನರಿಯೊಂದಿಗೆ ತಾಳೆ ನೋಡಬೇಕು. ಎರಡು, ಪ್ರತಿ ತಿದ್ದುಪಡಿಯ ನಂತರವೂ, ಕಡಿಮೆಯೆಂದರೆ ವರ್ಷಕ್ಕೊಮ್ಮೆ, ಈ ಪರೀಕ್ಷೆ ಪುನರಾವರ್ತನೆಯಾಗಬೇಕು, ಅದರ ವರದಿ ಲೆಕ್ಕಪರಿಶೋಧನೆಯ ಭಾಗವಾಗಬೇಕು. ಮೂರು, ಕಚೇರಿಗಳ ಗಣಕಗಳಿಗೆ ನಂಬಲರ್ಹ ಕೇಂದ್ರವೊಂದರಿಂದ ಸಿದ್ಧ ಪ್ಯಾಕೇಜುಗಳೇ ಹೋಗಲಿ, ತಾಲ್ಲೂಕು ಕಚೇರಿಯ ಗುಮಾಸ್ತರು ಕಂಪೈಲ್ ಮಾಡುತ್ತ ಕೂರುವುದು ಬೇಡ. ಡೆಬಿಯನ್ ಆಧಾರಿತ 'ಬಾಸ್' ಲಿನಕ್ಸನ್ನು ರೂಪಿಸಿದ ಸಿ-ಡ್ಯಾಕ್‌ನಂಥ ಸಂಸ್ಥೆಗಳಿಗೆ ಇಂಥ ಕೆಲಸ ಹೊಸದಲ್ಲ.

ಇದಕ್ಕೆ ಆಕ್ಷೇಪಗಳು ಬರುತ್ತವೆ. ಮೂಲಸಂಕೇತ ಕೊಟ್ಟರೆ ತಮ್ಮ ವ್ಯಾಪಾರದ ಗುಟ್ಟು ಹೋಗುತ್ತದೆ ಎಂದು ಒದಗಿಸುವವರು ಹೇಳುತ್ತಾರೆ. ಅವರ ಕಾಳಜಿ ಅಸಮಂಜಸವಲ್ಲ. ಎಲ್ಲವನ್ನೂ ಬೀದಿಯಲ್ಲಿ ಇಡಬೇಕೆಂದು ನಾನು ವಾದಿಸುತ್ತಿಲ್ಲ, ಹಣ ಕೊಟ್ಟವನ ಕೈಯಲ್ಲಿ ಇರಬೇಕೆಂದಷ್ಟೇ ಹೇಳುತ್ತಿದ್ದೇನೆ. ಗುಟ್ಟಾಗಿಟ್ಟರೆ ಸುರಕ್ಷಿತ ಎಂಬ ವಾದವೂ ಇದೆ. ಎಕ್ಸ್‌ಝಡ್ ಪ್ರಕರಣದಲ್ಲಿ ಕಳ್ಳಬಾಗಿಲು ಪತ್ತೆಯಾದದ್ದು ಮೂಲವನ್ನು ಕೆದಕಿ ನೋಡಲು ಹೊರಗಿನವನೊಬ್ಬನಿಗೆ ಸಾಧ್ಯವಿದ್ದದ್ದರಿಂದ ಎಂಬುದನ್ನು ಅಂಥವರು ಗಮನಿಸಬೇಕು. ಖರ್ಚು ಹೆಚ್ಚುತ್ತದೆ ಎಂಬುದು ನಿಜ. ಆದರೆ ಎಂಟು ತಿಂಗಳು ನಿಂತ ಪಿಂಚಣಿಯ ಬೆಲೆ ಯಾವ ಲೆಕ್ಕಶೀರ್ಷಿಕೆಯಲ್ಲೂ ಕಾಣಿಸುವುದಿಲ್ಲ ಎಂಬುದೂ ಅಷ್ಟೇ ನಿಜ.

ಮುಂದಿನ ದಿನಗಳನ್ನು ನೋಡಿದರೆ ಈ ವಿಷಯ ಇನ್ನಷ್ಟು ತುರ್ತಿನದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಿಸ್ಕ್-ಫೈವ್ ಆಧಾರಿತ ದೇಶೀ ಪ್ರೊಸೆಸರುಗಳ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. ಸಿ-ಡ್ಯಾಕ್‌ನ 'ವೇಗ', ಮದ್ರಾಸ್ ಐಐಟಿಯ 'ಶಕ್ತಿ' ಈ ದಾರಿಯ ಪ್ರಯತ್ನಗಳು. ಇಂಥ ಚಿಪ್ಪುಗಳು ನಾಳೆ ನಮ್ಮ ಕಚೇರಿಗಳಿಗೆ ಬಂದರೆ, ಈಗಿನ ಬೈನರಿಗಳು ಅವುಗಳ ಮೇಲೆ ಹಾಗೆಯೇ ನಡೆಯವು. ಮರುಕಟ್ಟಬಲ್ಲ ಮೂಲಸಂಕೇತ ಇದ್ದ ಇಲಾಖೆಗೆ ಅದು ಕೆಲವು ವಾರಗಳ ಇಲ್ಲವೇ ತಿಂಗಳುಗಳ ಕೆಲಸ. ಇಲ್ಲದ ಇಲಾಖೆ ಮೊದಲಿನಿಂದ ಟೆಂಡರು ಕರೆಯಬೇಕು.

ಎದುರು ಮನೆಯ ಹುಡುಗ ಕೊನೆಗೂ ಅಳೆದು ನೋಡಿದ. ಬ್ರೌಸರಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲವಂತೆ, ತನ್ನ ಪ್ರಾಜೆಕ್ಟಿನ ಲೆಕ್ಕಾಚಾರದ ಪ್ರೋಗ್ರಾಂ ಮಾತ್ರ ತುಸು ಚುರುಕಾಗಿದೆಯಂತೆ. 'ಎರಡು ರಾತ್ರಿ ದಂಡ ಆಯ್ತಲ್ಲಪ್ಪಾ' ಎಂದೆ. 'ಇಲ್ಲ ಅಂಕಲ್, ಈಗ ಕೆಟ್ಟರೆ ನಾನೇ ರಿಪೇರಿ ಮಾಡ್ತೀನಿ' ಎಂದ. ಆ ಮಾತನ್ನು ಆಡುವ ಸ್ಥಿತಿಯಲ್ಲಿ ನಮ್ಮ ಎಷ್ಟು ಇಲಾಖೆಗಳಿವೆ ಎಂದು ಯೋಚಿಸುತ್ತ ಮನೆಗೆ ಬಂದೆ. ನಾಳೆ ಇಂಥದೇ ಲಕೋಟೆಯೊಂದು ಯಾವುದಾದರೂ ಅಧಿಕಾರಿಯ ಮೇಜಿನ ಮೇಲೆ ಬರುತ್ತದೆ. ಸಹಿ ಹಾಕುವ ಮೊದಲು ಅದನ್ನು ಒಡೆಯಿರಿ ಎಂಬುದಷ್ಟೇ, ಒಡೆಯದೆ ಸಹಿ ಹಾಕಿದವನೊಬ್ಬನ ಕೋರಿಕೆ.